ಅವ್ವ ಬೇಡ ಅಂದಿರಲಿಲ್ಲ

ವೈನಿ, ರೇಡಿಯೋ ಬೇಡ ಅಂದವಳು ಅವ್ವ ಅಲ್ಲ. ಆ ಮಾತು ನನ್ನದು. ನಾನೇ ಹುಟ್ಟಿಸಿ, ಅವ್ವನ ಹೆಸರು ಹಚ್ಚಿ ನಿಮಗೆ ಮುಟ್ಟಿಸಿದೆ — ಇಷ್ಟು ವರ್ಷ ನೀವು ಅದನ್ನು ನಂಬಿಕೊಂಡೇ ಬದುಕಿದಿರಿ.

ಮೊನ್ನೆ ಈ ಮಿಯಾಪುರದ ಮನೆಗೆ ಪಕ್ಕದ ಮನೆಯ ಬೀದರಿನಾಕೆ ಬಂದು "ಮೊದಲ ಛಲೋ ಹಾಡತಿದ್ರಂತಲ್ಲರಿ, ಒಂದ ಪದ ಹೇಳ್ರಿ" ಎಂದಾಗ ನೀವು ನಕ್ಕು, "ನಮ್ಮ ಅತ್ತಿಯವರಿಗೆ ಸೇರತಿರಲಿಲ್ಲರಿ, ಬಿಟ್ಟಬಿಟ್ಟೆ" ಅಂದಿರಿ. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ಅದಕ್ಕೇ ಈಗ ಹೇಳುತ್ತಿದ್ದೇನೆ.

ಅಣ್ಣ ತೀರಿಕೊಂಡಾಗ ನಾವು ಇದೇ ಶಹರದ ಮೆಹದಿಪಟ್ಟಣಂನ ಬಾಡಿಗೆ ಮನೆಯಲ್ಲಿದ್ದೆವು. ಉಳಿದದ್ದು ಮೂವರು ಹೆಂಗಸರು — ಸೊಂಟ ಮುರಿದು ಹಾಸಿಗೆ ಹಿಡಿದ ಅವ್ವ, ಅಣ್ಣನ ಹೆಂಡತಿ ನೀವು, ಮದುವೆಯಾಗದ ನಾನು. ಸಾವಿನ ಮನೆಯಲ್ಲಿ ವರ್ಷದ ತಿಥಿ ಆಗುವ ತನಕ ರೇಡಿಯೋ ಹಚ್ಚುವ ಹಾಗಿರಲಿಲ್ಲ. ಅಣ್ಣನದೇ ಒಂದು ಧೋತರ ಅದರ ಮೇಲೆ ಹೊದಿಸಿಟ್ಟೆವು. ಆ ವರ್ಷ ನೀವು ಎದ್ದಿದ್ದೀರೋ ಮಲಗಿದ್ದೀರೋ ನಿಮಗೇ ತಿಳಿಯುತ್ತಿರಲಿಲ್ಲ. ಹಾಲು ಉಕ್ಕಿ ಒಲೆ ಆರಿದರೂ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಿರಿ.

ತಿಥಿ ಮುಗಿಯಿತು, ಹಿರಿಯರು "ಇನ್ನ ಎಲ್ಲಾ ನಡೀಲಿ" ಎಂದರು, ನೀವು ಧೋತರ ತೆಗೆದು ಮಡಚಿಟ್ಟಿರಿ. ಬೆಳಿಗ್ಗೆ ಧಾರವಾಡದ ಸ್ಟೇಶನ್ ಕೊರಕೊರ ಅನ್ನುತ್ತ ಸಿಗುತ್ತಿತ್ತು. ರೊಟ್ಟಿ ಬಡಿಯುತ್ತ ಅದರ ಜೊತೆ ನೀವು ಸಣ್ಣಗೆ ಗುನುಗುತ್ತಿದ್ದಿರಿ. ಕೆಲವೇ ದಿನದಲ್ಲಿ ನಿಮ್ಮ ಮುಖಕ್ಕೆ ಕಳೆ ಬಂತು. ಅವ್ವನೂ ಗೆಲುವಾದಳು — ಹಾಸಿಗೆಯಿಂದಲೇ ತಾಳ ಹಾಕುವಳು, ನಿಮ್ಮ ಕೈಲಿ ತಲೆ ಬಾಚಿಸಿಕೊಳ್ಳುವಳು, ಇಬ್ಬರೂ ಏನೋ ಹೇಳಿಕೊಂಡು ನಗುವಿರಿ. ನನಗೆ ಸಹಿಸಲಾಗಲಿಲ್ಲ. ಸತ್ತವನು ನನ್ನ ಅಣ್ಣ, ನಗುವವರು ಇವರು... ಇಷ್ಟೇ ಆಗಿದ್ದರೆ ದುಃಖ ಅನ್ನಬಹುದಿತ್ತು. ಅಲ್ಲ ವೈನಿ, ಅದು ಹೊಟ್ಟೆಕಿಚ್ಚು. ನನ್ನ ಅವ್ವ ನನ್ನ ಜೊತೆ ಹಾಗೆ ನಗುತ್ತಿರಲಿಲ್ಲ.

ಒಂದು ಮುಂಜಾನೆ ಅಡುಗೆಮನೆಗೆ ಬಂದು ನಿಮ್ಮ ಕಿವಿಯಲ್ಲಿ ಹೇಳಿದೆ: "ವೈನಿ, ಅವ್ವ ಒಳಗ ಅಳಾಕತ್ತಾಳ. ಮಗ ಹೋದ ಮನಿಯಾಗ ಸೊಸಿ ಬಾಯಾಗ ಹಾಡು ಹ್ಯಾಂಗ ಬರತೈತಿ ಅಂತಾಳ. ನೀವು ಕೇಳಾಕ ಹೋಗಬ್ಯಾಡ್ರಿ, ಇನ್ನೂ ನೊಂದಕೋತಾಳ."

ನೀವು ಹಿಟ್ಟಿನ ಕೈಯಲ್ಲೇ ರೇಡಿಯೋ ಬಂದ್ ಮಾಡಿದಿರಿ.

ಸಂಜೆ ನಾನು ಆಫೀಸಿನಿಂದ ಬಂದಾಗ ಅವ್ವ ಕೇಳಿದಳು, "ಯಾಕ, ರೇಡಿಯೋ ಹಚ್ಚವಲ್ಲಳು?" ಅವಳಿಗೆ ಇನ್ನೊಂದು ಹೇಳಿದೆ — "ವೈನಿಗೆ ಬ್ಯಾಡಂತ. ಅಣ್ಣನ ನೆನಪಾಗತೈತಂತ." ಅವ್ವ "ಪಾಪ, ಬಿಡು, ಆಕಿನ್ನ ಏನೂ ಕೇಳಬ್ಯಾಡ" ಅಂದಳು. ನನಗೆ ಗೊತ್ತಿತ್ತು, ಇಬ್ಬರೂ ಕೇಳುವುದಿಲ್ಲ ಎಂದು. ನಮ್ಮಲ್ಲಿ ಅತ್ತೆ ಸೊಸೆ ಊಟ-ನೀರಿನ ಮಾತು ನೇರ ಆಡುತ್ತಾರೆ, ಮನಸ್ಸಿನ ಮಾತು ಮಗಳ ಕೈಲಿ ಹೇಳಿ ಕಳಿಸುತ್ತಾರೆ. ಅದಕ್ಕೆ ಮರ್ಯಾದೆ ಅನ್ನುತ್ತೇವೆ. ಆ ಮರ್ಯಾದೆಯ ಮೇಲೆ ನಂಬಿಕೆ ಇಟ್ಟೇ ಸುಳ್ಳು ಹೇಳಿದೆ. ಮತ್ತೆ ನೀವು ಹಾಲು ಉಕ್ಕಿಸತೊಡಗಿದಿರಿ. ಅವ್ವ ಗೋಡೆ ಕಡೆ ಹೊರಳಿ ಮಲಗತೊಡಗಿದಳು.

ಹಾಡಿನಿಂದ ಏನಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ ಅಂತ ಹೇಳಲೂ ಬರುವುದಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರು ಟ್ರಾನ್ಸಿಸ್ಟರ್ ತೆಗೆಯುತ್ತಿದ್ದರು — ತೆಲುಗು, ಹಿಂದಿ, ಯಾವುದಾದರೂ. ಸಾಹೇಬರು ಬೈದದ್ದು, ಬಸ್ಸಿನ ನೂಕುನುಗ್ಗಲು, ತಲೆನೋವು ಎಲ್ಲ ಮರೆತು ಟೇಬಲ್ಲಿನ ಮೇಲೆ ಬೆರಳು ಬಡಿಯುತ್ತಿದ್ದೆ. ಬಸ್ಸಿನಲ್ಲಿ ಅದೇ ಹಾಡು ಗುನುಗುತ್ತ ಬರುತ್ತಿದ್ದೆ. ನಮ್ಮ ಓಣಿ ಬಂತೆಂದರೆ ಬಾಯಿ ಮುಚ್ಚುತ್ತಿದ್ದೆ. ನನಗೆ ದಿನಾ ಬೇಕಾದದ್ದನ್ನು ನಿಮ್ಮಿಬ್ಬರಿಗೂ ಸಿಗದಂತೆ ವರ್ಷಗಟ್ಟಲೆ ನೋಡಿಕೊಂಡೆ.

ಕಡೆಯದನ್ನು ಹೇಳಬೇಕು. ಹೇಗೆ ಹೇಳಲಿ... ಅವ್ವ ನೀರೂ ಇಳಿಯದೆ ಮಲಗಿದ್ದಾಗ ನನ್ನ ಕೈ ಹಿಡಿದು, "ಸರೂ, ವೈನಿನ್ನ ಕೇಳಿ ನೋಡು. ಒಂದ ಪದ ಹಾಡಂತ ಹೇಳು. ಆಕಿ ದನಿ ಕೇಳಿ ಭಾಳ ದಿನ ಆತು" ಎಂದಳು. ನಾನು ಎದ್ದು ಅಡುಗೆಮನೆಗೆ ಬಂದೆ. ನೀವು ಗಂಜಿ ಸೋಸುತ್ತಿದ್ದಿರಿ. "ಏನ ಬೇಕಂತ?" ಎಂದಿರಿ. "ಏನಿಲ್ಲ" ಎಂದೆ. ಒಂದು ಲೋಟ ನೀರು ಕುಡಿದು ಹಿಂತಿರುಗಿ ಅವ್ವನಿಗೆ ಹೇಳಿದೆ:

"ಒಲ್ಲೆ ಅಂತಾಳವ್ವ."

ಆಗ ಅವ್ವನ ಮಾತು ನಿಮಗೆ ಹೇಳಿದ್ದರೆ ಹಿಂದಿನ ಸುಳ್ಳು ಹೊರಬೀಳುತ್ತಿತ್ತು. ಸಾಯುವವಳಿಗಿಂತ ನನಗೆ ನನ್ನ ಮಾನ ದೊಡ್ಡದಾಯಿತು. ಅವ್ವ "ಆಗಲಿ" ಅಂದಳು. ಮರುದಿನ ಹೋದಳು. ಹೆಣದ ಮುಂದೆ ಕೂತು ನೀವು "ಕಡೀತನಕ ಅತ್ತಿಯವರಿಗೆ ನನ್ನ ಮ್ಯಾಲಿನ ಬ್ಯಾಸರ ಹೋಗಲಿಲ್ಲ ನೋಡು" ಎಂದು ಅತ್ತಿರಿ, ನಾನು ನಿಮ್ಮ ಬೆನ್ನು ಸವರಿದೆ. ಅದನ್ನೂ ಮಾಡಿದೆ.

ಇಷ್ಟು ಹೊತ್ತೂ ಮನಸ್ಸಿನಲ್ಲೇ ಹೇಳಿಕೊಂಡದ್ದು ಇದು. ಇಂದು ಸಂಜೆ ನೀವು ದೀಪ ಹಚ್ಚಿ ಬಂದು ಕೂತ ಮೇಲೆ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ, ಒಂದಕ್ಷರ ಬಿಡದೆ. ಕ್ಷಮಿಸಿ ಅಂತ ಮಾತ್ರ ಕೇಳುವುದಿಲ್ಲ ವೈನಿ — ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದೂ ನನಗೆ ಗೊತ್ತಿದೆ.