ಆರಕ್ಕೆ ನಿಲ್ಲಲಿ

ಆರ್ವಿಲ್ ಪ್ಲಾಟ್‌ಗೆ ತಾನು ಮೆಚ್ಚಿದ ತಂಡ ಪೂರಾ ಸೋಲಬಾರದಾಗಿತ್ತು, ಪೂರಾ ಗೆಲ್ಲಲೂಬಾರದಾಗಿತ್ತು. ಆರು ಪಂದ್ಯ ಗೆದ್ದು ಅಲ್ಲಿಗೇ ನಿಂತುಬಿಡಬೇಕಿತ್ತು. ಇಂಥ ವಿಚಿತ್ರ ಹರಕೆ ಹೊತ್ತ ಇನ್ನೊಬ್ಬ ಮನುಷ್ಯ ಉತ್ತರ ಲೂಯಿಸಿಯಾನದ ಕಾರ್ವೆಲ್ ಊರಿನಲ್ಲಿರಲಿಲ್ಲ.

ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿಯಲ್ಲೇ ಅವನು ಆಯುಸ್ಸು ಸವೆಸಿದ್ದ. ಹೆಂಡತಿ ವರ್ನಾ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದ. ಮಕ್ಕಳಿರಲಿಲ್ಲ. ವರ್ಷವಿಡೀ ಮಾತಿಗೆ ಸಿಗುತ್ತಿದ್ದುದು ಪಕ್ಕದ ಮನೆಯ ಲಮಾರ್, ಅವನಿಲ್ಲದಾಗ ಟಿ.ವಿ. ಆದರೆ ಕ್ರಿಸ್‌ಮಸ್ ಕಳೆದ ವಾರ ಆರ್ವಿಲ್ ಸಾಸಿವೆ ಬಣ್ಣದ ಕೋಟು ತೊಟ್ಟು ಹೊರಬಿದ್ದನೆಂದರೆ ಬೇರೆಯೇ ಮನುಷ್ಯ. ಆ ವಾರ ಊರಿನ ಬೌಲ್ ಪಂದ್ಯ, ಅಂದರೆ ಋತು ಮುಗಿದ ಮೇಲೆ ಗೆದ್ದುಬಂದ ತಂಡಗಳನ್ನು ಕರೆಸಿ ಆಡಿಸುವ ಪಂದ್ಯ. ಎಲ್ಲೆಲ್ಲಿಂದಲೋ ಎರಡು ಕಾಲೇಜು ತಂಡಗಳು ಬಂದು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಆಡುತ್ತವೆ. ಸಾಸಿವೆ ಕೋಟಿನವರು ವಿಮಾನದ ಬಾಗಿಲಲ್ಲಿ ಕೈಕುಲುಕುವುದರಿಂದ ಹಿಡಿದು ಬಸ್ಸಿಗೆ ಹತ್ತಿಸಿ ಕೈಬೀಸುವವರೆಗೆ ಅವರನ್ನು ನೋಡಿಕೊಳ್ಳುತ್ತಾರೆ. ಉಳಿದ ದಿನಗಳಲ್ಲಿ ತನ್ನೊಬ್ಬನಿಗೆ ಮೊಟ್ಟೆ ಬೇಯಿಸಿಕೊಳ್ಳಲೂ ಬೇಜಾರು ಪಡುತ್ತಿದ್ದವನು, ಆ ವಾರ ಇಡೀ ತಂಡದ ಹೊಟ್ಟೆ ತುಂಬಿತೇ ಎಂದು ವಿಚಾರಿಸುತ್ತ ಓಡಾಡುತ್ತಿದ್ದ.

ಈ ಬೌಲ್‌ಗಳ ವ್ಯವಹಾರ ಥೇಟು ಹೆಣ್ಣು ಕೊಟ್ಟು ತರುವ ವ್ಯವಹಾರ. ಕಾಲೇಜುಗಳ ಒಕ್ಕೂಟ ಹೆಣ್ಣಿನ ಕಡೆಯವರು, ಪಂದ್ಯ ನಡೆಸುವ ಊರು ಗಂಡಿನ ಕಡೆ. ಯಾವ ಒಕ್ಕೂಟದ ತಂಡ ಯಾವ ಊರಿಗೆ, ಯಾರು ಮೊದಲು ಆರಿಸಿಕೊಳ್ಳಬೇಕು ಎಂಬುದೆಲ್ಲ ಮೊದಲೇ ಕರಾರಾಗಿರುತ್ತದೆ. ಫ್ಲೋರಿಡಾದ ಊರಿಗೆ ಕಡಲಿದೆ. ಬೋಯ್ಸಿ ಊರಿನ ಮೈದಾನಕ್ಕೆ ನೀಲಿ ಹುಲ್ಲುಹಾಸಿದೆ. ಬಹಾಮಾಸ್‌ಗೆ ಹೋಗಿ ಬಂದವರು ಎದುರಿಗೆ ಸಿಕ್ಕವರಿಗೆಲ್ಲ ಪಾಸ್‌ಪೋರ್ಟ್ ತೋರಿಸುತ್ತಾರೆ. ಕಾರ್ವೆಲ್‌ಗೆ ಏನಿದೆ? ಕೆಸರು ಹೊತ್ತ ನದಿ, ಕರಿದ ಮೀನು, ಡಿಸೆಂಬರಿನ ಜಡಿಮಳೆ. ಆದ್ದರಿಂದ ಉತ್ತರದ ಒಕ್ಕೂಟದಲ್ಲಿ ಎಲ್ಲರೂ ಆರಿಸಿ ಬಿಟ್ಟ ತಂಡ, ಅಂದರೆ ಬೌಲ್‌ಗೆ ಬೇಕೇ ಬೇಕಾದ ಆರು ಗೆಲುವನ್ನು ಹೇಗೋ ಮುಟ್ಟಿ ಅಲ್ಲಿಗೇ ನಿಂತ ತಂಡ, ಕಾರ್ವೆಲ್‌ನ ಪಾಲು.

ಹಾಗೆ ಒಂದು ವರ್ಷ ಓಹಾಯೋದ ಒಂದು ಸಣ್ಣ ಕಾಲೇಜು ಬಂತು. ಜೊತೆಗೆ ವಾದ್ಯದ ಮಕ್ಕಳ ದೊಡ್ಡ ದಂಡು, ಅವರ ಸಮವಸ್ತ್ರ ಹೊಲಿದು ಒಪ್ಪ ಮಾಡುವ ಡೊರೀನ್ ಕೊವಾಲ್ಸ್ಕಿ. ಪಂದ್ಯದ ಹಿಂದಿನ ದಿನ ಮೆರವಣಿಗೆಯಲ್ಲಿ ಮಳೆ ಹೊಡೆದು ಸಮವಸ್ತ್ರಗಳೆಲ್ಲ ತೊಪ್ಪೆಯಾದವು. ಆರ್ವಿಲ್ ಅವಳನ್ನು ಕೂರಿಸಿಕೊಂಡು ಊರಿನ ಬಟ್ಟೆ ಒಗೆಯುವ ಅಂಗಡಿಗಳನ್ನೆಲ್ಲ ಸುತ್ತಿದ. ಒಣಗಿಸುವ ಯಂತ್ರಗಳ ಮುಂದೆ ಇಬ್ಬರೂ ಸಂಜೆಯವರೆಗೆ ಕೂತರು. ಅವನು ಕೋಲಾ ಬಾಟಲಿಯೊಳಗೆ ಉಪ್ಪು ಹಾಕಿದ ಕಡಲೆಬೀಜ ಸುರಿದು ಕೊಟ್ಟ.

"ಇದೇನ್ರೀ ಇದು, ಕುಡಿಯೋದೋ ಅಗಿಯೋದೋ?" ಅಂದಳು ಡೊರೀನ್.

"ಎರಡೂ. ಗಂಟಲಿಗೆ ಸಿಕ್ಕಿದ್ರೆ ನಮ್ಮೂರಿನ ಮೇಲೆ ದೂರು ಹೇಳ್ಬೇಡಿ."

ಅವಳು ಕೆಮ್ಮು ಬರುವಷ್ಟು ನಕ್ಕಳು. ವರ್ನಾ ಹೋದ ಮೇಲೆ ಅವನ ಮಾತಿಗೆ ಯಾರೂ ಹಾಗೆ ನಕ್ಕಿರಲಿಲ್ಲ. ಅವಳೂ ವಿಧವೆ. ಅಂದಿನಿಂದ ಪ್ರತಿ ಭಾನುವಾರ ಫೋನು.

"ಬೇಸಿಗೇಲಿ ಒಂದ್ಸಲ ಇತ್ತ ಬನ್ನಿ. ಆಲೂಗಡ್ಡೆ ತುಂಬಿದ ಪಿರೋಗಿ ಮಾಡಿ ಹಾಕ್ತೀನಿ," ಎನ್ನುತ್ತಿದ್ದಳು.

"ಅಯ್ಯೋ, ನೀವೇ ಬನ್ನಿ ಇಲ್ಲಿಗೆ. ನಿಮಗೇನೂ ಕಮ್ಮಿಯಾಗದ ಹಾಗೆ ನೋಡ್ಕೋತೀನಿ," ಎನ್ನುತ್ತಿದ್ದ ಇವನು.

ಅವಳ ಮನೆ ಬಾಗಿಲಲ್ಲಿ ಹೋಗಿ ನಿಂತರೆ ಯಾಕೆ ಬಂದಿರಿ ಎಂಬುದಕ್ಕೆ ಉತ್ತರ ಕೊಡಬೇಕಾಗುತ್ತದೆ. ತಂಡದ ಹಿಂದೆ ಅವಳೇ ಬಂದರೆ ಯಾರೂ ಏನೂ ಕೇಳುವುದಿಲ್ಲ. ಪುಣ್ಯಾತ್ಮನಿಗೆ ಅತಿಥಿಯನ್ನು ಕರೆಯಲು ಗೊತ್ತಿತ್ತು, ಅತಿಥಿಯಾಗಲು ಗೊತ್ತಿರಲಿಲ್ಲ. ಹಾಗಾಗಿ ವರ್ಷ ವರ್ಷವೂ ಆ ಕಾಲೇಜಿಗಾಗಿ ಕಾದ. ಒಮ್ಮೆ ಅದು ಹೆಚ್ಚು ಗೆದ್ದು ಮೇಲಿನ ಊರಿಗೆ ಹೋಯಿತು, ಇನ್ನೊಮ್ಮೆ ಸೋತು ಮನೆಯಲ್ಲೇ ಉಳಿಯಿತು.

ಈ ವರ್ಷ ತಪ್ಪಿದರೆ ಮುಗಿಯಿತು. ಒಕ್ಕೂಟಕ್ಕೂ ಕಾರ್ವೆಲ್‌ಗೂ ಇದ್ದ ಕರಾರು ಈ ಸಲಕ್ಕೆ ಕೊನೆ. ಡೊರೀನ್ ಕೂಡ ಸೂಜಿ ದಾರ ಕೆಳಗಿಟ್ಟು, ದೂರದ ಆರೆಗಾನ್‌ನಲ್ಲಿರುವ ಮಗಳ ಮನೆ ಸೇರುವವಳಿದ್ದಳು. ನವೆಂಬರಿನ ಕೊನೆಗೆ ಅವಳ ಕಾಲೇಜು ಆರು ಗೆದ್ದಿತ್ತು, ಇನ್ನೊಂದು ಪಂದ್ಯ ಬಾಕಿ. ಏಳಾದರೆ ಫ್ಲೋರಿಡಾ, ಆರಕ್ಕೇ ನಿಂತರೆ ಕಾರ್ವೆಲ್.

ಥ್ಯಾಂಕ್ಸ್‌ಗಿವಿಂಗ್ ಮರುದಿನ ಆರ್ವಿಲ್ ಮತ್ತು ಲಮಾರ್ ಹಬ್ಬದಲ್ಲಿ ಉಳಿದ ಟರ್ಕಿ ಮಾಂಸ ತಿನ್ನುತ್ತ ಟಿ.ವಿ. ಮುಂದೆ ಕೂತರು. ಓಹಾಯೋದ ಹುಡುಗನೊಬ್ಬ ಚೆಂಡು ಕೈಬಿಟ್ಟ. ಆರ್ವಿಲ್ ಚಪ್ಪಾಳೆ ತಟ್ಟಿದ.

"ಲೋ, ಯಾರ ಕಡೆಯೋನೋ ನೀನು?" ಎಂದ ಲಮಾರ್.

"ಅವರ ಕಡೆನೇ."

"ಅವರು ಬಿದ್ರೆ ಕುಣೀತೀಯಲ್ಲೋ! ಇಂಥ ಅಭಿಮಾನಿ ಒಬ್ಬನಿದ್ರೆ ಸಾಕು, ಶತ್ರು ಬೇರೆ ಬೇಕಾ?"

ಕಡೆಯ ಗಳಿಗೆಯಲ್ಲಿ ಎರಡು ಕಂಬಗಳ ನಡುವೆ ಹೋಗಬೇಕಾದ ಒದೆತ ಕಂಬಕ್ಕೇ ಬಡಿದು ಈಚೆ ಬಿತ್ತು. ಓಹಾಯೋ ಸೋತಿತು. ಒದೆದ ಹುಡುಗ ಅಂಗಿಯಲ್ಲಿ ಮುಖ ಮುಚ್ಚಿಕೊಂಡ. ಆರ್ವಿಲ್ ಎದ್ದು ಲಮಾರ್‌ನನ್ನು ತಬ್ಬಿಕೊಂಡುಬಿಟ್ಟ.

ಮುಂದಿನ ವಾರ ಹೆಸರುಗಳು ಹೊರಬಿದ್ದವು. ಅವನೆಣಿಸಿದಂತೆಯೇ ಓಹಾಯೋ ಕಾರ್ವೆಲ್‌ಗೆ. ಕೋಟಿಗೆ ಇಸ್ತ್ರಿ ಹಾಕಿಸಿದ, ಮೀನಿನ ಹೋಟೆಲಿನಲ್ಲಿ ನದಿ ಕಾಣುವ ಮೇಜು ಹೇಳಿಟ್ಟ. ಈ ಸಲ ಕೇಳಿಯೇಬಿಡಬೇಕು, ಆರೆಗಾನ್‌ಗೆ ಹೋಗಬೇಡಿ ಎನ್ನಬೇಕು ಎಂದು ಗಡ್ಡ ಕೆರೆಯುವಾಗ ಕನ್ನಡಿಯ ಮುಂದೆ ಮಾತು ಜೋಡಿಸಿದ.

ಭಾನುವಾರ ಫೋನಿನಲ್ಲಿ ಡೊರೀನ್‌ಳ ದನಿ ಕುಗ್ಗಿತ್ತು.

"ಆರ್ವಿಲ್, ತಂಡ ಮಾತ್ರ ಬರ್ತಿದೆ. ನಾವು ಬರ್ತಿಲ್ಲ."

"ಅಂದ್ರೆ?"

"ಕಾರ್ವೆಲ್ ಅಂದ್ರೆ ಇಲ್ಲಿ ಯಾರೂ ಟಿಕೆಟ್ ತಗೊಳ್ತಿಲ್ಲ ಕಣ್ರೀ. ಇಷ್ಟು ವಾದ್ಯದೋರನ್ನ ಕಳಿಸೋಕೆ ಕಾಲೇಜಿಗೆ ಆಗಲ್ವಂತೆ. ನಿಮ್ಮೂರ ಹೈಸ್ಕೂಲು ಮಕ್ಕಳೇ ನಮ್ಮ ಹಾಡು ನುಡಿಸ್ತಾರಂತೆ. ಫ್ಲೋರಿಡಾ ಆಗಿದ್ರೆ ಬಸ್ಸುಗಟ್ಟಲೆ ಜನ ಹೊರಡ್ತಿದ್ರು, ನಾವೂ ಹೋಗ್ತಿದ್ವಿ."

ಆರ್ವಿಲ್ ಇಸ್ತ್ರಿಯಾದ ಕೋಟನ್ನು ಕುರ್ಚಿಯ ಮೇಲಿಂದ ಸರಿಸಿ ಕೂತ.

"ನಾನು ಏಳಾಗ್ಲಿ ಅಂತ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿದ್ದೆ," ಎಂದಳು. "ಕಡಲ ದಂಡೆ, ಬಿಸಿಲು. ನಿಮ್ಮನ್ನೂ ಅಲ್ಲಿಗೆ ಕರೀಬೇಕು ಅಂತಿದ್ದೆ. ಕರೆದಿದ್ರೆ ಬರ್ತಿದ್ರಾ?"

ಬರುತ್ತಿದ್ದೆ ಎನ್ನಲು ಬಾಯಿ ತೆರೆದ. ಆದರೆ ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಆ ವಾರ... ನಮ್ಮೂರಲ್ಲೂ ಪಂದ್ಯ ಅಲ್ವಾ. ಬಂದವರನ್ನ ನೋಡ್ಕೋಬೇಕಲ್ಲ."

"ಹೌದಲ್ಲ," ಎಂದಳು ಡೊರೀನ್. "ನಮ್ಮ ಹುಡುಗರನ್ನ ಚೆನ್ನಾಗಿ ನೋಡ್ಕೊಳ್ಳಿ. ಸೋತು ತುಂಬಾ ಅತ್ತಿದ್ದಾರೆ," ಎಂದು ಫೋನಿಟ್ಟಳು.

ಅತ್ತ ಹುಡುಗರು! ಕೇಳಿದ ಅವನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ತನ್ನ ಒಂಟಿತನದ ಭಾರವನ್ನು ಯಾರದೋ ಮಗನ ಕಾಲಿಗೆ ಕಟ್ಟಿ, ಅವನು ಎಡವಲೆಂದು ಕಾದಿದ್ದ.

ಪಂದ್ಯದ ಮಧ್ಯಾಹ್ನ ಮೈದಾನದಲ್ಲಿ ಕಾಲು ಭಾಗವೂ ಜನವಿರಲಿಲ್ಲ. ಹೈಸ್ಕೂಲಿನ ಮಕ್ಕಳು ಓಹಾಯೋದ ಹಾಡನ್ನು ಯಾರೋ ಬೆನ್ನಟ್ಟಿ ಬಂದಂತೆ ಒಂದೇ ಉಸಿರಿಗೆ ನುಡಿಸಿದರು. ಆರ್ವಿಲ್ ಈ ಸಲ ಕಪಟವಿಲ್ಲದೆ ಕೂಗಿದ, ಗಂಟಲು ಕಟ್ಟುವವರೆಗೂ ಕೂಗಿದ. ಅಂದು ಕಂಬಕ್ಕೆ ಹೊಡೆದಿದ್ದ ಹುಡುಗನೇ ಒದ್ದ ಚೆಂಡು ಕಂಬಗಳ ನಟ್ಟನಡುವೆ ಹೋಯಿತು. ಓಹಾಯೋ ಗೆದ್ದಿತು.

ಬಸ್ಸಿನ ಬಾಗಿಲಲ್ಲಿ ನಿಂತು ಸಾಸಿವೆ ಕೋಟಿನವರ ಪದ್ಧತಿಯಂತೆ ಒಬ್ಬೊಬ್ಬರದೇ ಕೈ ಕುಲುಕಿದ. ಒದ್ದ ಹುಡುಗ ಕೊನೆಗೆ ಬಂದ. ಮುಖವೆಲ್ಲ ನಗು.

"ಏಳಾಯ್ತು, ಸರ್!" ಎಂದು ಬೆರಳೆತ್ತಿ ತೋರಿಸಿದ.

"ಹೂಂ ಮಗಾ," ಎಂದ ಆರ್ವಿಲ್, "ಏಳಾಯ್ತು." ಬಸ್ಸು ವಿಮಾನ ನಿಲ್ದಾಣದ ಹಾದಿಗೆ ತಿರುಗಿತು. ಅದು ಕಾಣದಾದ ಮೇಲೂ ಅವನು ಕೈಬೀಸುತ್ತಲೇ ನಿಂತಿದ್ದ.