ಯಾದಗಿರಿಯಲ್ಲೊಂದು ಸೀಟು

ಶಹಾಪುರದ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದಾಗ ನನಗೆ ಯಾದಗಿರಿಯ ದೊಡ್ಡ ಕಾಲೇಜಿಗೆ ಹೋಗುವ ಹುಚ್ಚು ಹಿಡಿದಿತ್ತು. ಅಲ್ಲಿ ಲ್ಯಾಬ್ ಚೆನ್ನಾಗಿತ್ತು, ಮಾರ್ಕ್ಸ್ ನೋಡಿಯೇ ಸೇರಿಸಿಕೊಳ್ಳುತ್ತಿದ್ದರು. ಮನೆಗೆ ಬಂದವರೆಲ್ಲ ನನ್ನ ಮಾರ್ಕ್ಸ್ ಕೇಳಿ, ಒಬ್ಬರು ಸಿಗಬಹುದು, ಇನ್ನೊಬ್ಬರು ಸಿಗಲಿಕ್ಕಿಲ್ಲ ಎಂದು ತಲೆ ತಿಂದರು. ಸಾಕಾಗಿ ಅಪ್ಪನನ್ನು ಕರೆದುಕೊಂಡು ಬಸ್ ಹತ್ತಿದೆ, ಅಲ್ಲಿನ ಪ್ರಿನ್ಸಿಪಾಲರನ್ನೇ ಕೇಳಿದೆ.

"ಮಾರ್ಕ್ಸ್ ಸಾಕಾಗ್ತಾವ ಬಿಡವಾ," ಎಂದರು ಅವರು. "ಆದ್ರ ಎರಡನೇ ವರ್ಷದಾಗ ಸೀಟು ಖಾಲಿ ಇರಬೇಕಲ್ಲ? ರಜಾದಾಗ ಯಾರದಾದ್ರೂ ಲಗ್ನ ಆದ್ರ ನೋಡೋಣಂತ. ವರ್ಷಕ್ಕ ಒಂದಿಬ್ಬರು ಹುಡುಗೇರು ಹಂಗ ಕಾಲೇಜ್ ಬಿಡ್ತಾರ."

ಅಪ್ಪ ಹೌದ್ರಿ ಎಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಆದರೂ ರಜೆ ಪೂರ್ತಿ, ಮುಖ ನೋಡದ ಯಾವಳೋ ಹುಡುಗಿಯ ಮದುವೆಗೆ ಕಾದು ಕುಳಿತೆ. ಕಾಲೇಜು ತೆರೆಯುವ ಹೊತ್ತಿಗೆ ಫೋನ್ ಬಂತು. ಒಬ್ಬಳ ಲಗ್ನವಾಗಿತ್ತು, ಸೀಟು ನನ್ನದಾಯಿತು.

ಟಿ.ಸಿ. ತರಲು ಮರುದಿನವೇ ನಮ್ಮ ಶಹಾಪುರದ ಕಾಲೇಜಿಗೆ ಓಡಿದೆ. ಎರಡನೇ ವರ್ಷಕ್ಕೆ ನಾನು ಇಲ್ಲಿ ಇರುವುದಿಲ್ಲ ಎಂದೆ. ಆಫೀಸಿನ ಗುಮಾಸ್ತರು ತಲೆ ಎತ್ತಲೂ ಇಲ್ಲ.

"ಯಾವೂರಿಗಿ ಕೊಟ್ಟಾರವಾ?" ಎಂದರು.