ಆಯಾಳ ಸೊಂಟದ ಗಂಟು

ನನ್ನ ಮಗಳು ಹುಟ್ಟಿದಾಗಿನಿಂದ ಮಧ್ಯಾಹ್ನ ಮಲಗಿದವಳಲ್ಲ. ಎಣ್ಣೆ ತಿಕ್ಕಿ ನೀರು ಹಾಕಿದರೂ ಇಲ್ಲ, ಹೊಟ್ಟೆ ತುಂಬ ಉಣ್ಣಿಸಿದರೂ ಇಲ್ಲ. ಅಂಥವಳು ರಾಯಚೂರಿನ ನರ್ಸರಿಗೆ ಸೇರಿ ಮೂರು ತಿಂಗಳಾಗುತ್ತಲೇ ದಿನಾ ಮಧ್ಯಾಹ್ನ ಗಾಢವಾಗಿ ಮಲಗತೊಡಗಿದಳು. ಸಂಜೆ ಆರಕ್ಕೆ ನಾನು ಬಂದರೆ ನನ್ನ ಗಂಡನ ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಅರ್ಧ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. ಅವ್ವ ಬಂದಳು ಅಂತ ಓಡಿ ಬರುವುದೂ ನಿಂತಿತು.

ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಹದಿನೆಂಟು ವರ್ಷ ಪರೀಕ್ಷಾ ಕೋಣೆಯಲ್ಲಿ ಹುಡುಗರ ತೋಳು, ಕಂಪಾಸ್ ಡಬ್ಬಿ, ಚಪ್ಪಲಿ ತಡವಿದ ಕೈ ನನ್ನದು. ಯಾರೂ ಸುಮ್ಮಸುಮ್ಮನೆ ಒಳ್ಳೆಯವರಿರುತ್ತಾರೆ ಅಂತ ನಾನು ನಂಬುವುದಿಲ್ಲ. ಮಗಳು ಹುಟ್ಟಿದಾಗ ನನಗೆ ನಲವತ್ತು. ನರ್ಸರಿ ಗೇಟಿನಲ್ಲಿ ಎರಡು ಸಲ ನನ್ನನ್ನು ಅಜ್ಜಿ ಅಂದಿದ್ದಾರೆ. ಹಾಗಾಗಿ ಆ ಗೇಟಿನ ಮೇಲೂ ನನಗೆ ಮೊದಲಿಂದ ಪ್ರೀತಿ ಇರಲಿಲ್ಲ ಅನ್ನಿ.

ನರ್ಸರಿಯಲ್ಲಿ ನಿಯಮಗಳಿಗೇನೂ ಬರ ಇರಲಿಲ್ಲ. ಗೇಟಿನ ಹೆಣ್ಣುಮಗಳು ಮಕ್ಕಳ ಹಣೆಗೆ ಜ್ವರದ ಯಂತ್ರ ಹಿಡಿಯಬೇಕು, ಮೂಗು ಸೋರುವ ಮಗುವನ್ನು ವಾಪಸ್ ಕಳಿಸಬೇಕು. ಟೀಚರು ಪಾಠ ಮತ್ತು ಡೈರಿ ನೋಡಬೇಕು. ಆಯಾ ಉಣ್ಣಿಸಬೇಕು, ತೊಳೆಯಬೇಕು, ಮಲಗಿಸಬೇಕು. ಔಷಧಿ ಮಾತ್ರ ಮುಟ್ಟಬಾರದು. ಔಷಧಿ ಏನಿದ್ದರೂ ಹೆಡ್ ಮೇಡಂ ಕಪಾಟಿನಲ್ಲಿ, ಬೀಗದೊಳಗೆ. ದಿನಾ ಬೆಳಿಗ್ಗೆ ತಾಯಿ ಡೈರಿಯಲ್ಲಿ ‘ಇಂದು ಔಷಧಿ ಕೊಟ್ಟಿದ್ದೀರಾ?’ ಎಂಬಲ್ಲಿ ಹೌದು ಅಥವಾ ಇಲ್ಲ ಬರೆದು ಸಹಿ ಹಾಕಬೇಕು. ನಾನು ಏಳೂವರೆ ಬಸ್ಸು ಹಿಡಿಯುವವಳು, ಮಗಳನ್ನು ಬಿಟ್ಟು ಬರುವವನು ಗಂಡ. ಹಾಗಾಗಿ ಭಾನುವಾರ ಊಟವಾದ ಮೇಲೆ ಕೂತು ವಾರದ ಆರೂ ಪುಟಗಳಿಗೆ ‘ಇಲ್ಲ’ ಬರೆದು ಸಹಿ ಹಾಕಿಟ್ಟುಬಿಡುತ್ತಿದ್ದೆ. ಒಂದು ಕೆಲಸ ಮುಗಿಯಿತು.

ಆಯಾ ದೇವದುರ್ಗದ ಕಡೆಯವಳು. ವಯಸ್ಸು ನನ್ನಷ್ಟೇ. ಮಾತು ಕಡಿಮೆ. ನಾನು ಕಂಡರೆ ಸೊಂಟದಲ್ಲಿ ಸಿಕ್ಕಿಸಿಕೊಂಡ ಏನನ್ನೋ ಸೆರಗಿನಿಂದ ಮುಚ್ಚಿಕೊಳ್ಳುತ್ತಿದ್ದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಮಗಳನ್ನು ಕರೆತರಲು ನಾನೇ ಹೋಗುತ್ತಿದ್ದೆ, ಹಾಗೆ ಎರಡು ಶನಿವಾರ ಗಮನಿಸಿದೆ. ಮಗಳ ಅಂಗಿಯ ಕೊರಳಿಗೆ ಘಾಟು ವಾಸನೆ ಬೇರೆ. ನಮ್ಮ ಮನೆಯ ಸೋಪಲ್ಲ, ಎಣ್ಣೆಯೂ ಅಲ್ಲ.

ನಮ್ಮ ಪಕ್ಕದ ಮನೆಯವರದು ಬಟ್ಟೆ ಅಂಗಡಿ. ಆ ಮನೆಯ ಸೊಸೆಯ ಮಗನೂ ಅದೇ ನರ್ಸರಿ. ಒಂದು ಸಂಜೆ ಕಾಂಪೌಂಡಿನ ಮೇಲಿಂದ ಕೇಳಿದೆ.

“ನಿಮ್ಮ ಹುಡುಗನೂ ಮಧ್ಯಾಹ್ನ ಮಲಗ್ತಾನೇನವಾ?”

“ಯಾ ಅಲ್ಲಾ, ಮನ್ಯಾಗ ಮಂಗ್ಯಾನಂಗ ಕುಣೀತಾನ್ರೀ ಅಕ್ಕಾ. ಅಲ್ಲಿ ಮಾತ್ರ ಪಕ್ಕಾ ಒಂದು ತಾಸು. ಯಾಕ್ರೀ?”

“ಏನಿಲ್ಲ. ಆ ಆಯಾ ಸೊಂಟದಾಗ ಏನೋ ಇಟ್ಕೊಂಡಿರ್ತಾಳ.”

ಅವಳ ಕಣ್ಣು ಅಗಲವಾದವು. “ಕೆಲವು ಕಡಿ ಅಫೀಮು ಹಚ್ತಾರಂತ್ರೀ ನಾಲಿಗಿಗೆ. ನಮ್ಮ ಖಾಲಾ ಹೇಳ್ತಿದ್ಲು.”

ಆ ಖಾಲಾ ಎಂಬ ಚಿಕ್ಕಮ್ಮ ಯಾರೋ, ಯಾವ ಕಾಲದ ಮಾತೋ, ಕೇಳಬೇಕಿತ್ತು. ಕೇಳಲಿಲ್ಲ. ನನಗೆ ಬೇಕಾದ ಉತ್ತರ ಸಿಕ್ಕಿತ್ತು.

ಮರುದಿನ ಮಂಗಳವಾರ. ಬಸ್ಸು ಕಲ್ಮಲ ದಾಟುವಷ್ಟರಲ್ಲಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಟ್ಟೆ: ‘ಮಕ್ಕಳಿಗೆ ಮಧ್ಯಾಹ್ನ ಆಯಾ ಏನಾದರೂ ತಿನ್ನಿಸಿ ಮಲಗಿಸುತ್ತಿದ್ದಾಳೆಯೇ? ನನಗೆ ಅನುಮಾನವಿದೆ. ನಿಮ್ಮ ಮಕ್ಕಳ ಬಾಯಿ, ಬಟ್ಟೆ ಮೂಸಿ ನೋಡಿ.’ ನೀರಮಾನ್ವಿ ಬರುವ ಹೊತ್ತಿಗೆ ಫೋನು ಜೇನುಹುಟ್ಟಿನಂತೆ ಗುಂಯ್‌ಗುಟ್ಟುತ್ತಿತ್ತು. ಎಲ್ಲರಿಗೂ ಏನೋ ವಾಸನೆ ಬಂದಿತ್ತು. ಆಕೆಯನ್ನು ತೆಗೆಯಿರಿ, ಇಲ್ಲದಿದ್ದರೆ ಮಕ್ಕಳನ್ನು ಬಿಡಿಸುತ್ತೇವೆ ಅಂತ ಸಂಜೆಗೆ ತೀರ್ಮಾನವೂ ಆಯಿತು.

ಬುಧವಾರ ಅರ್ಧ ದಿನ ರಜೆ ಹಾಕಿ, ಹೇಳದೆ ಕೇಳದೆ ಮಲಗುವ ಹೊತ್ತಿಗೆ ಸರಿಯಾಗಿ ನರ್ಸರಿಗೆ ಹೋದೆ. ಹೆಡ್ ಮೇಡಂ ಮುಖ ಇಳಿದಿತ್ತು.

“ನೀವು ಗ್ರೂಪ್‌ನ್ಯಾಗ ಹಾಕೂಕಿಂತ ಮೊದಲ ನನಗೊಂದು ಮಾತು ಹೇಳಬೇಕಿತ್ರೀ ಮೇಡಂ. ಸಂಜೀಗೆ ಆಕೀನ್ನ ಬಿಡಸಾಕತ್ತೀನಿ. ಬ್ಯಾರೆ ದಾರಿ ಉಳಿದಿಲ್ಲ.”

“ಮೊದಲು ಮಲಗೂ ಕೋಣ್ಯಾಗಿನ ಕ್ಯಾಮೆರಾ ಹಚ್ರಿ,” ಅಂದೆ.

ಮೇಡಂ ಟೇಬಲ್ಲಿನ ಪರದೆಯಲ್ಲಿ ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದ್ದರು. ಆಯಾ ಒಬ್ಬೊಬ್ಬರ ಬೆನ್ನು ತಟ್ಟುತ್ತ ನನ್ನ ಮಗಳ ಹತ್ತಿರ ಬಂದಳು. ಕ್ಯಾಮೆರಾದ ಕಡೆ ಒಮ್ಮೆ ನೋಡಿದಳು. ಬೆನ್ನು ತಿರುಗಿಸಿದಳು. ಸೊಂಟಕ್ಕೆ ಕೈ ಹಾಕಿ ಏನನ್ನೋ ತೆಗೆದು ಮಗುವಿನ ಮುಖದ ಹತ್ತಿರ ಒಯ್ದಳು.

“ನೋಡ್ರಿ! ನೋಡ್ರಿ!” ಅಂತ ಕಿರುಚಿ ನಾನು ಓಡಿದೆ. ಹಿಂದೆ ಮೇಡಂ. ಪರೀಕ್ಷೆಯಲ್ಲಿ ಚೀಟಿ ಹಿಡಿದಾಗ ಇರುವಂಥದೇ ಒಂದು ಖುಷಿ ಎದೆಯಲ್ಲಿತ್ತು. ಸುಳ್ಳು ಯಾಕೆ ಹೇಳಲಿ?

“ಮುಷ್ಟಿ ಬಿಚ್ಚು!”

ಆಯಾ ಬಿಚ್ಚಿದಳು. ಬಿಳಿ ಅರಿವೆಯ ಸಣ್ಣ ಗಂಟು. ಕಿತ್ತುಕೊಂಡು ಮೂಸಿದೆ. ಓಮ. ಜಜ್ಜಿದ ಓಮ, ಅಷ್ಟೇ. ಎರಡನೇ ಸಲ ಮೂಸಿದೆ, ಗಂಟು ಬಿಚ್ಚಿ ಬೆರಳಿಂದ ಕೆದಕಿದೆ. ಓಮವೇ.

“ಕೂಸಿನ ಮೂಗು ಕಟ್ಟೇದ್ರೀ. ಉಸುರಾಡಾಕ ತ್ರಾಸ ಮಾಡ್ಕೊಳ್ಳಾಕತ್ತಿತ್ತು. ಮೂಸಾಕ ಹಿಡದೀನಿ, ಬಾಯಾಗೇನ ಇಟ್ಟಿಲ್ಲ, ನಮ್ಮೂರ ದ್ಯಾವ್ರ ಆಣಿ. ಮನಿಯಿಂದ ಏನೂ ತರಬ್ಯಾಡ ಅಂತ ಮೇಡಂ ಅಂದಿದ್ರು, ಅದಕ್ಕ ಮುಚ್ಚಿಟ್ಕೊಂಡಿದ್ದೆ. ತಪ್ಪಾತ್ರೀ.”

“ಮತ್ತ ಇಷ್ಟು ನಿದ್ದಿ ಯಾಕ ಬರ್ತದ ಈಕಿಗೆ?” ನಾನು ಬಿಡುವವಳೇ?

ಆಗ ಮೊದಲ ಬಾರಿ ಆಕೆ ನನ್ನ ಮುಖ ನೆಟ್ಟಗೆ ನೋಡಿದಳು. “ಅದನ್ನ ನಾ ಕೇಳಬೇಕ್ರೀ ಯವ್ವಾ. ಕೂಸು ಬರೂವಾಗ್ಲೇ ತೂಗಾಡ್ಕೋತ ಬರ್ತದ. ಮುಂಜಾನೆ ಬಾಯಾಗ ಸಿಹಿ ಔಷಧದ ವಾಸನಿ ಇರ್ತದ. ಟೀಚರಿಗೆ ಹೇಳಿದ್ನಿ. ಡೈರ್ಯಾಗ ಅವರವ್ವ ಇಲ್ಲ ಅಂತ ಬರದಾಳ, ನೀ ಸುಮ್ಕಿರು ಅಂದ್ರು.”

ಮೇಡಂ ಮಗಳ ಚೀಲದಿಂದ ಡೈರಿ ತೆಗೆದರು. ಬುಧವಾರ: ಇಲ್ಲ, ನನ್ನ ಸಹಿ. ಪುಟ ತಿರುವಿದರು. ಗುರುವಾರ: ಇಲ್ಲ, ಸಹಿ. ಶುಕ್ರವಾರ, ಶನಿವಾರ, ಎಲ್ಲ ಇಲ್ಲ. ಇನ್ನೂ ಬರದ ಮೂರು ಬೆಳಗುಗಳಿಗೆ ಗಣಿತದ ಟೀಚರಾದ ನಾನು ಮುಂಗಡವಾಗಿ ಉತ್ತರ ಬರೆದಿಟ್ಟಿದ್ದೆ. ಯಾರಾದರೂ ಹುಡುಗ ನನ್ನ ಪರೀಕ್ಷೆಯಲ್ಲಿ ಹೀಗೆ ಮಾಡಿದ್ದರೆ ಎಳೆದುಕೊಂಡು ಹೋಗಿ ಹೊರಗೆ ನಿಲ್ಲಿಸುತ್ತಿದ್ದೆ.

ಗದ್ದಲಕ್ಕೆ ಮಗಳು ಎದ್ದು ಕೂತಳು. ಆಯಾ ಅವಳ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತು ಕೇಳಿದಳು, “ನನ್ನವ್ವಾ, ಮುಂಜಾನೆ ಏನ್ ಕುಡದೀ?”

“ಕೆಂಪು ಜೂಸು. ಪಪ್ಪ ಚಮಚಾದಾಗ ಕೊಡ್ತಾರ. ಅವ್ವಗ ಹೇಳಬ್ಯಾಡ ಅಂದಾರ,” ಅಂತ ಮಗಳು ನನ್ನ ಮುಂದೆಯೇ ಹೇಳಿದಳು.

ಅಂಗಡಿಗೆ ಹೋದಾಗ ಗಂಡ ಯಾರದೋ ಆಧಾರ್ ಕಾರ್ಡು ಝೆರಾಕ್ಸ್ ಮಾಡುತ್ತಿದ್ದ. ನಾನು ಕೇಳಲಿಲ್ಲ, ನೇರವಾಗಿ ಕೌಂಟರಿನ ಕೆಳಗೆ ಕೈ ಹಾಕಿದೆ. ಕಾಗದದ ಬಂಡಲಿನ ಹಿಂದೆ ಬಾಟಲಿ ಇತ್ತು. ಹೋದ ವರ್ಷ ನೆಗಡಿಗೆ ಡಾಕ್ಟರು ಬರೆದುಕೊಟ್ಟ ಸಿರಪ್ಪು. ನಾನೇ ತಂದು, ನಾನೇ ಮರೆತದ್ದು. ಪಕ್ಕದಲ್ಲಿ ಅದೇ ಸಿರಪ್ಪಿನ ಎರಡು ಹೊಸ ಬಾಟಲಿ.

“ಮೂಗು ಸೋರಿದ್ರ ಗೇಟಿನಾಗಿಂದ ವಾಪಸ್ ಕಳಸ್ತಾರ,” ಅಂದ ಆತ, ತಲೆ ಎತ್ತದೆ. “ನೀ ಮಾನ್ವ್ಯಾಗ. ನಾ ಅಂಗಡಿ ಮುಚ್ಚಿ ಎಲ್ಲಿ ಕುಂದ್ರಲಿ? ದಿನಾ ಒಂದು ಚಮಚ ಹಾಕಿದ್ರ ಮೂಗು ಒಣಗೇ ಇರ್ತದ. ಎಲ್ಲರೂ ಹಾಕ್ತಾರ, ನಾ ಒಬ್ನ ಅಲ್ಲ.”

“ನಿದ್ದಿ ಬರ್ತದಂತ ಗೊತ್ತಿದ್ದಿಲ್ಲೇನು?”

“ಮಲಗಿದ್ರ ಒಳ್ಳೇದ ಅಲ್ಲೇನು ಅಂದ್ಕೊಂಡೆ.”

“ಮೂರು ವರ್ಷದ ಕೂಸು ಅದು, ನಿನ್ನ ಮಷೀನಲ್ಲ, ಬಟನ್ ಒತ್ತಿ ಆರಿಸಾಕ!”

ಆಧಾರ್ ಕಾರ್ಡಿನವನು ಕಾರ್ಡು ಬಿಟ್ಟು ಹೊರಗೆ ಹೋಗಿ ನಿಂತ. ಇನ್ನೂ ಬಯ್ಯಬಹುದಿತ್ತು. ಆದರೆ ಬಯ್ಯುತ್ತ ಕೂತರೆ ಸಂಜೆಯಾಗುತ್ತದೆ, ಸಂಜೆಗೆ ಅಲ್ಲಿ ಒಬ್ಬಳ ಕೆಲಸ ಹೋಗುತ್ತದೆ. ಆಯಾ ನರ್ಸರಿಗೆ ಬರುವ ಮೊದಲು ದೇವದುರ್ಗದ ಕಡೆ ಬಿಸಿಲಲ್ಲಿ ಹತ್ತಿ ಬಿಡಿಸುತ್ತಿದ್ದಳಂತೆ. “ಫ್ಯಾನಿನ ಕೆಳಗಿನ ಕೆಲಸ ಇದೊಂದೇ ಸಿಕ್ಕಿತ್ರೀ,” ಅಂತ ಮೇಡಂಗೆ ಹೇಳುತ್ತಿದ್ದುದು ನಾನು ಹೊರಡುವಾಗ ಕಿವಿಗೆ ಬಿದ್ದಿತ್ತು.

ಅಂಗಡಿಯ ಸ್ಟೂಲಿನ ಮೇಲೆ ಕೂತು ಗುಂಪಿನಲ್ಲಿ ಬರೆದೆ. ‘ಆಯಾ ಏನನ್ನೂ ತಿನ್ನಿಸಿಲ್ಲ. ಅವಳ ಹತ್ತಿರ ಇದ್ದದ್ದು ಓಮದ ಗಂಟು. ನಿದ್ದೆಯ ಔಷಧಿ ನಮ್ಮ ಮನೆಯದು. ಇಲ್ಲ ಅಂತ ಸುಳ್ಳು ಸಹಿ ಹಾಕಿದವಳು ನಾನು. ಆಕೆಯನ್ನು ತೆಗೆಯಬೇಡಿ.’ ನಿನ್ನೆ ಜೇನುಹುಟ್ಟಾಗಿದ್ದ ಫೋನು ಈಗ ಮೂಕ. ಎಲ್ಲರೂ ಓದಿದ್ದು ಕಾಣುತ್ತಿತ್ತು. ಎಷ್ಟು ಮನೆಗಳಲ್ಲಿ ಕೆಂಪು ಬಾಟಲಿ ಇದೆಯೋ ಅಂತ ಆ ಮೌನ ನೋಡಿ ನನಗೆ ಹೊಸ ಅನುಮಾನ ಹುಟ್ಟಿತು. ಬಹಳ ಹೊತ್ತಿನ ಮೇಲೆ ಪಕ್ಕದ ಮನೆಯ ಸೊಸೆ ಕೈಮುಗಿದ ಒಂದು ಚಿತ್ರ ಹಾಕಿದಳು. ಮೇಡಂ ‘ಸರಿ’ ಅಂತ ಮಾತ್ರ ಬರೆದರು. ಆಯಾ ಉಳಿದಳು. ಓಮದ ಗಂಟು ಮಾತ್ರ ನರ್ಸರಿಯೊಳಗೆ ಬರಬಾರದು ಅಂತಾಯಿತು.

ಈಗ ಮಗಳನ್ನು ನಾನೇ ಬಿಡುತ್ತೇನೆ. ಎಂಟೂಮುಕ್ಕಾಲಿನ ಬಸ್ಸು ಹಿಡಿದು ಪ್ರಾರ್ಥನೆಯ ಕೊನೆಯ ಸಾಲಿಗೆ ಶಾಲೆ ಮುಟ್ಟುತ್ತೇನೆ. ಮೂಗು ಸೋರಿದ ದಿನ ಅಂಗಡಿ ಮುಚ್ಚುತ್ತದೆ, ಇಲ್ಲವೇ ನನ್ನ ರಜೆ ಹೋಗುತ್ತದೆ. ಗೇಟಿನಲ್ಲಿ ಜ್ವರದ ಯಂತ್ರದ ಪಕ್ಕ ಈಗ ಆಯಾಳನ್ನೂ ನಿಲ್ಲಿಸಿದ್ದಾರೆ.

“ಬಾಯಿ ತೆಗಿ ನನ್ನವ್ವಾ,” ಅನ್ನುತ್ತಾಳೆ. ಮಗಳು ತೆಗೆಯುತ್ತಾಳೆ. ಆಯಾ ಬಗ್ಗಿ ಮೂಸುತ್ತಾಳೆ. ಆಮೇಲೆ ಡೈರಿ ಇಸಿದುಕೊಂಡು ನನ್ನ ಸಹಿಯ ಮೇಲೆ ಹೆಬ್ಬೆರಳು ತಿಕ್ಕಿ, ಸಹಿ ಇವತ್ತಿನದೋ, ಶಾಯಿ ಅಂಟುತ್ತದೆಯೋ ಇಲ್ಲವೋ ಅಂತ ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ನಾಳೆಯ ಪುಟವನ್ನೂ ತಿರುವುತ್ತಾಳೆ.

ಹಿಂದೆ ಬೇರೆ ತಾಯಂದಿರು ಕಾಯುತ್ತಿರುತ್ತಾರೆ, ನನ್ನ ಬಸ್ಸಿನ ಹೊತ್ತು ಮೀರುತ್ತಿರುತ್ತದೆ. ಆಕೆ ಗೇಟು ತೆರೆಯುವವರೆಗೆ ನಾನು ನಿಂತಿರುತ್ತೇನೆ.